ಬಳ್ಳಾರಿ ಬಿಸಿಲಲ್ಲಿ ಸ್ಪೋರ್ಟಿ ಹ್ಯಾಚ್‌ಬ್ಯಾಕ್ ಟೆಸ್ಟ್ ಡ್ರೈವ್: ಸಮಗ್ರ ಮಾರ್ಗದರ್ಶಿ

ಶೋರೂಂನವರು ತಾವಾಗಿ ಕೊಡುವ ಟೆಸ್ಟ್ ಡ್ರೈವ್ ಹತ್ತು ನಿಮಿಷದ್ದು. ಗಾಡಿಯನ್ನು ಮೊದಲೇ ನೆರಳಲ್ಲಿ ನಿಲ್ಲಿಸಿ, ಎಸಿ ಹಾಕಿ ತಣ್ಣಗೆ ಮಾಡಿಟ್ಟಿರುತ್ತಾರೆ. ನಯವಾದ ರಸ್ತೆಯಲ್ಲಿ ಒಂದು ಸುತ್ತು. ಎರಡನೇ ಗೇರಲ್ಲಿ ಒಮ್ಮೆ ಆಕ್ಸಿಲರೇಟರ್ ತುಳಿದರೆ ಬೆನ್ನು ಸೀಟಿಗೆ ಅಂಟುತ್ತದೆ, ವಾಪಸ್ ಬರುವಷ್ಟರಲ್ಲಿ ಬುಕಿಂಗ್ ಫಾರಂ ಟೇಬಲ್ ಮೇಲಿರುತ್ತದೆ. 120 ಪಿಎಸ್ ಶಕ್ತಿಯ ಟರ್ಬೊ ಎಂಜಿನ್ (ಗಾಳಿಯನ್ನು ಒತ್ತಿ ತುಂಬಿ ಬಲ ಹೆಚ್ಚಿಸುವಂಥದ್ದು) ಇರುವ ಯಾವ ಸಣ್ಣ ಗಾಡಿಯಾದರೂ ಆ ಹತ್ತು ನಿಮಿಷ ಚೆನ್ನಾಗಿಯೇ ಓಡುತ್ತದೆ. ತಿಳಿಯಬೇಕಾದ್ದು ಬೇರೆ: ಮಧ್ಯಾಹ್ನ ಮೂರಕ್ಕೆ, ನಾಲ್ಕು ಜನ ಕೂತು, ಎಸಿ ಹಾಕಿ, ಅದಿರು ಲಾರಿಯ ಹಿಂದೆ ಸಿಕ್ಕಿಕೊಂಡಾಗ ಅದೇ ಗಾಡಿ ಏನು ಮಾಡುತ್ತದೆ? ಅದಕ್ಕೆ ಮುಕ್ಕಾಲು ಗಂಟೆ ಬೇಕು. ಕೇಳಿದರೆ ಕೊಡುತ್ತಾರೆ, ಆದರೆ ಕೇಳಲೇಬೇಕು.

ಫೋನಿನಲ್ಲೇ ಮುಗಿಸಬೇಕಾದ ಕೆಲಸ

ಮೊದಲು ಕೇಳಬೇಕಾದ ಪ್ರಶ್ನೆ: "ನಾನು ಕೊಳ್ಳುವ ವೇರಿಯಂಟೇ ಡೆಮೊ ಗಾಡಿಯಾಗಿ ಇದೆಯಾ?" ಬಳ್ಳಾರಿ, ಕೊಪ್ಪಳ, ರಾಯಚೂರಿನಂಥ ಊರುಗಳಲ್ಲಿ ಸ್ಪೋರ್ಟಿ ವೇರಿಯಂಟಿನ ಡೆಮೊ ಇಲ್ಲದೇ ಇರಬಹುದು. ಆಗ "ಎರಡೂ ಒಂದೇ ಸಾರ್" ಎಂದು ಮಾಮೂಲಿ ಮಾದರಿ ಓಡಿಸಲು ಕೊಡುತ್ತಾರೆ. ಒಂದೇ ಅಲ್ಲ. ಹ್ಯುಂಡೈ ಐ20 ಎನ್ ಲೈನ್‌ನಲ್ಲಿರುವುದು 1.0 ಲೀಟರ್ ಟರ್ಬೊ, 120 ಪಿಎಸ್, 172 ಎನ್‌ಎಂ ಟಾರ್ಕ್ (ಎಳೆಯುವ ಬಲ). ಸಸ್ಪೆನ್ಷನ್ ಗಟ್ಟಿ, ಸೈಲೆನ್ಸರ್ ಬೇರೆ. ಮಾಮೂಲಿ ಐ20ಯ 1.2 ಪೆಟ್ರೋಲ್‌ಗೂ ಇದಕ್ಕೂ ಹೋಲಿಕೆಯೇ ಇಲ್ಲ. 2024ರಲ್ಲಿ ಬಂದ ಟಾಟಾ ಆಲ್ಟ್ರೋಜ್ ರೇಸರ್ 120 ಪಿಎಸ್, 170 ಎನ್‌ಎಂ, ಆರು ಗೇರಿನ ಮ್ಯಾನ್ಯುಯಲ್. ಅದಕ್ಕೆ ಮುಂಚಿನ ಐ-ಟರ್ಬೊ 110 ಪಿಎಸ್, 140 ಎನ್‌ಎಂ ಮಾತ್ರ. 30 ಎನ್‌ಎಂ ಕಾಗದದ ಮೇಲೆ ಸಣ್ಣದಾಗಿ ಕಂಡರೂ ಲಾರಿ ಹಿಂದಿಕ್ಕುವಾಗ ಎದ್ದು ಕಾಣುತ್ತದೆ. ಸ್ವಿಫ್ಟ್ ನೋಡಲು ಸ್ಪೋರ್ಟಿ, ತಿರುವಿನಲ್ಲಿ ಚುರುಕು ಕೂಡ. ಆದರೆ 2024ರ ಸ್ವಿಫ್ಟ್‌ನ ಮೂರು ಸಿಲಿಂಡರ್ ಎಂಜಿನ್‌ಗೆ ಟರ್ಬೊ ಇಲ್ಲ, 82 ಪಿಎಸ್ ಆಸುಪಾಸು. ಓಡಿಸುವ ಖುಷಿ ಬೇಕು, ವೇಗದ ಹುಚ್ಚಿಲ್ಲ ಎನ್ನುವವರಿಗೆ ಅದು ಸಾಕು.

ಗೇರ್‌ಬಾಕ್ಸ್ ಕೂಡ ಅದೇ ಇರಬೇಕು. ಮ್ಯಾನ್ಯುಯಲ್ ಓಡಿಸಿ ಡಿಸಿಟಿ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್) ಬುಕ್ ಮಾಡುವುದು, ಅಂಗಿ ಹಾಕಿ ನೋಡಿ ಪ್ಯಾಂಟು ಕೊಂಡಂತೆ. ಡೆಮೊ ಇಲ್ಲದಿದ್ದರೆ ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ತರಿಸಲು ಹೇಳಿ, ಇಲ್ಲವೇ ನೀವೇ ಹೋಗಿ ಬನ್ನಿ. ಹತ್ತು ಲಕ್ಷದ ವಿಷಯದಲ್ಲಿ ಒಂದು ದಿನದ ಪ್ರಯಾಣ ದೊಡ್ಡದಲ್ಲ.

ಹೊಸ ಗಾಡಿಯಾದರೆ ಮಧ್ಯಾಹ್ನ ಎರಡೂವರೆಯಿಂದ ನಾಲ್ಕರ ಒಳಗೆ ಸಮಯ ತೆಗೆದುಕೊಳ್ಳಿ. ಬಿಸಿಲು ಕಡಿಮೆಯಾಗಲಿ ಎಂದು ಸಂಜೆ ಹೋಗುವವರೇ ಹೆಚ್ಚು. ಏಪ್ರಿಲ್–ಮೇನಲ್ಲಿ 40 ಡಿಗ್ರಿ ದಾಟುವ ಊರಲ್ಲಿ ಸಂಜೆ ಐದೂವರೆಯ ಗಾಡಿ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಸೆಕೆಂಡ್ ಹ್ಯಾಂಡ್ ಆದರೆ ಉಲ್ಟಾ: ಬೆಳಿಗ್ಗೆ ಎಂಜಿನ್ ಇನ್ನೂ ತಣ್ಣಗಿರುವಾಗಲೇ ಹೋಗಬೇಕು.

ಡ್ರೈವಿಂಗ್ ಲೈಸೆನ್ಸ್ ಜೊತೆಗಿರಲಿ. ಸಹಿ ಹಾಕಿಸಿಕೊಳ್ಳುವ ಫಾರಂನಲ್ಲಿ, ಗಾಡಿಗೆ ಪೆಟ್ಟಾದರೆ ಖರ್ಚು ಯಾರದು ಎಂಬ ಸಾಲನ್ನು ಓದಿ, ಡೆಮೊ ಗಾಡಿಗೆ ಇನ್ಶೂರೆನ್ಸ್ ಚಾಲ್ತಿಯಲ್ಲಿದೆಯೇ ಎಂದು ಕೇಳಿ. ಜೊತೆಗೆ ಇಬ್ಬರು ಬರಲಿ: ಒಬ್ಬರು ಮೊಬೈಲ್ ಸ್ಟಾಪ್‌ವಾಚ್ ಹಿಡಿಯಲು, ಇನ್ನೊಬ್ಬರು ಹಿಂದಿನ ಸೀಟಿನ ಸುಖ-ದುಃಖ ಹೇಳಲು. ಶೋರೂಂನವರೂ ಸೇರಿ ನಾಲ್ಕು ಜನ ಆಗುತ್ತಾರೆ. ಆ ತೂಕವೇ ಬೇಕಾದ್ದು. ಹಿಂದೆ ಕೂತವರೂ ಸೀಟ್‌ಬೆಲ್ಟ್ ಹಾಕಲಿ.

ಚಾಲೂ ಮಾಡುವ ಮುಂಚೆ

ಟಯರ್ ಹವಾದಿಂದ ಶುರು ಮಾಡಿ. ಫ್ಯಾಕ್ಟರಿಯಿಂದ ಗಾಡಿ ಸಾಗಿಸುವಾಗ ಟಯರಿಗೆ ಜಾಸ್ತಿ ಹವಾ ತುಂಬಿರುತ್ತಾರೆ. ಡೆಮೊ ಗಾಡಿಯಲ್ಲಿ ಅದನ್ನು ಇಳಿಸದೇ ಬಿಟ್ಟಿದ್ದರೆ 40 ಪಿಎಸ್‌ಐ (ಹವಾ ಒತ್ತಡದ ಅಳತೆ) ಮೇಲೆ ಇರುವುದುಂಟು. ಆಗ ಸಸ್ಪೆನ್ಷನ್ ಕಲ್ಲಿನಂತೆ ಅನಿಸುತ್ತದೆ, ನೀವು ಒಳ್ಳೆಯ ಗಾಡಿಯನ್ನೇ ಬೇಡ ಎನ್ನುತ್ತೀರಿ. ಹವಾ ಕಡಿಮೆಯಿದ್ದರೆ ಉಲ್ಟಾ: ಗುಂಡಿ ಮೆತ್ತಗೆ, ಸ್ಟೇರಿಂಗ್ ಸೋಮಾರಿ. ಸರಿಯಾದ ಅಂಕಿ ಚಾಲಕನ ಬಾಗಿಲ ಕಂಬದ ಸ್ಟಿಕ್ಕರ್‌ನಲ್ಲಿದೆ. ಈ ಗಾತ್ರದ ಗಾಡಿಗಳಲ್ಲಿ ತಣ್ಣಗಿದ್ದಾಗ ಸುಮಾರು 33. ಬಿಸಿಲಲ್ಲಿ ಓಡಿ ಬಂದ ಟಯರು 36–37 ತೋರಿಸಿದರೆ ಸಹಜ, ಅದನ್ನು 33ಕ್ಕೆ ಇಳಿಸಬೇಡಿ. ತಣಿದ ಮೇಲೆ ಹವಾ ಕಡಿಮೆಯಾಗುತ್ತದೆ. ಒಂದು ಡಿಜಿಟಲ್ ಗೇಜ್ ಜೇಬಿನಲ್ಲಿದ್ದರೆ ಎರಡು ನಿಮಿಷದ ಕೆಲಸ.

ಹಾಗೇ ಟಯರ್ ಅಳತೆ ಓದಿ. 195/55 ಆರ್16 ಎಂದರೆ 195 ಮಿಲಿಮೀಟರ್ ಅಗಲ, ಅದರ ಶೇಕಡಾ 55ರಷ್ಟು ಎತ್ತರ, ಅಂದರೆ ರಿಮ್ಮಿಗೂ ನೆಲಕ್ಕೂ ನಡುವೆ 107 ಮಿಲಿಮೀಟರ್ ರಬ್ಬರು. ಗುಂಡಿಯ ಅಂಚಿಗೂ ಅಲಾಯ್ ಚಕ್ರಕ್ಕೂ ಮಧ್ಯೆ ಇರುವುದು ಇಷ್ಟೇ. ಡೆಮೊ ಗಾಡಿಯ ನಾಲ್ಕೂ ಚಕ್ರದ ಪಕ್ಕಗೋಡೆಯನ್ನು ಕೈಯಾಡಿಸಿ ನೋಡಿ. ನೆಲ್ಲಿಕಾಯಿಯಷ್ಟು ಉಬ್ಬು ಸಿಕ್ಕರೆ ಒಳಗಿನ ದಾರ ಹರಿದಿದೆ ಎಂದರ್ಥ, ಆ ಗಾಡಿಯನ್ನು ವೇಗವಾಗಿ ಓಡಿಸಬೇಡಿ. ಆಮೇಲೆ ಮಂಡಿಯೂರಿ ಮುಂದಿನ ಬಂಪರ್ ಕೆಳತುಟಿ ನೋಡಿ. ಊರಿನ ಹಂಪ್ಸ್ ಉಜ್ಜಿದ ಗೆರೆಗಳು ಅಲ್ಲೇ ಬರೆದಿರುತ್ತವೆ. ನಿಮ್ಮ ಗಾಡಿಗೆ ವರ್ಷದಲ್ಲಿ ಏನಾಗಲಿದೆ ಎನ್ನುವುದಕ್ಕೆ ಅದಕ್ಕಿಂತ ಪ್ರಾಮಾಣಿಕ ಸಾಕ್ಷಿ ಇಲ್ಲ.

ಸೀಟು, ಮತ್ತು ಕಪ್ಪು ಬಣ್ಣ

ಕ್ಲಚ್ ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಬಾಗಿರಬೇಕು. ಬೆನ್ನು ಒರಗಿಸಿ ಕೈ ಚಾಚಿದರೆ ಮಣಿಕಟ್ಟು ಸ್ಟೇರಿಂಗ್ ಮೇಲಂಚಿಗೆ ತಾಗಬೇಕು. ಇವೆರಡೂ ಒಟ್ಟಿಗೆ ಹೊಂದದಿದ್ದರೆ, ಸ್ಟೇರಿಂಗ್ ಹಿಂದೆ-ಮುಂದೆ ಸರಿಯುತ್ತದೆಯೇ ಅಥವಾ ಮೇಲೆ-ಕೆಳಗೆ ಮಾತ್ರವೇ ನೋಡಿ. ಚಪ್ಪಲಿ ಬೇಡ, ತೆಳು ಅಟ್ಟೆಯ ಶೂ ಹಾಕಿಕೊಳ್ಳಿ; ಪೆಡಲ್ಲಿನ ಸೂಕ್ಷ್ಮ ಕಾಲಿಗೆ ತಿಳಿಯಬೇಕು. ಸ್ಪೋರ್ಟಿ ಸೀಟಿನ ಪಕ್ಕದ ದಿಂಬು ತೆಳ್ಳಗಿನವರಿಗೆ ಆಸರೆ, ದಪ್ಪಗಿರುವವರಿಗೆ ತೊಡೆ ಒತ್ತುವ ಹಿಂಸೆ. ಮುಕ್ಕಾಲು ಗಂಟೆ ಕೂತ ಮೇಲೆ ಅದು ಗೊತ್ತಾಗುತ್ತದೆ.

ಈ ಗಾಡಿಗಳ ಒಳಾಂಗಣ ಹೆಚ್ಚುಕಡಿಮೆ ಪೂರ್ತಿ ಕಪ್ಪು. ಶೋರೂಂ ದೀಪದಲ್ಲಿ ಕೆಂಪು ಹೊಲಿಗೆಯ ಕಪ್ಪು ಸೀಟು ಬಲು ಚೆಂದ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಮಧ್ಯಾಹ್ನ ಒಂದು ಗಂಟೆ ನಿಲ್ಲಿಸಿ ಬಂದರೆ ಗೇರ್ ಗುಂಡು ಮುಟ್ಟಲಾಗುವುದಿಲ್ಲ. ಆದ್ದರಿಂದ ಡೆಮೊ ಗಾಡಿಯನ್ನು ನೆರಳಿಂದ ಹೊರಗೆ ತಂದು ಇಪ್ಪತ್ತು ನಿಮಿಷ ಬಿಸಿಲಲ್ಲಿ ನಿಲ್ಲಿಸಲು ಹೇಳಿ, ಅಷ್ಟರಲ್ಲಿ ಕಾಗದದ ಕೆಲಸ ಮುಗಿಸಿ. ಕಿಟಕಿ ಒಂದು ನಿಮಿಷ ತೆರೆದಿಟ್ಟು ಬಿಸಿ ಗಾಳಿ ಹೊರಹಾಕಿ, ಮುಚ್ಚಿ, ಎಸಿ ಪೂರ್ತಿ ಹಾಕಿ, ಹಿಂದೆ ಕೂತವರಿಗೆ ತಣ್ಣಗಾಗಲು ಎಷ್ಟು ನಿಮಿಷ ಬೇಕಾಯಿತು ಎಂದು ಬರೆದುಕೊಳ್ಳಿ. ಹಿಂದೆ ಎಸಿ ಕಿಂಡಿ ಇದೆಯೋ ಇಲ್ಲವೋ ಎನ್ನುವುದು ನಮ್ಮ ಕಡೆ ಐಷಾರಾಮದ ಪ್ರಶ್ನೆಯಲ್ಲ.

ಮೊದಲ ಹದಿನೈದು ನಿಮಿಷ ಊರೊಳಗೆ

ಎಂಜಿನ್ ಚಾಲೂ ಆದ ಕೂಡಲೇ ತುಳಿಯಬೇಡಿ. ಟರ್ಬೊದ ಅಚ್ಚು ನಿಮಿಷಕ್ಕೆ ಲಕ್ಷ ಸುತ್ತಿಗೂ ಮೀರಿ ತಿರುಗುವಂಥದ್ದು, ಅದಕ್ಕೆ ಆಧಾರ ತೆಳುವಾದ ಎಣ್ಣೆಯ ಪದರ. ಎಣ್ಣೆ ಬಿಸಿಯಾಗುವವರೆಗೆ, ಅಂದರೆ ಐದಾರು ಕಿಲೋಮೀಟರು, 2,500 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಒಳಗೇ ಇರಿ. ಊರೊಳಗಿನ ಪರೀಕ್ಷೆಗೆ ಅಷ್ಟು ಸಾಕು.

ಬಳ್ಳಾರಿಯಾದರೆ ಮೋತಿ ವೃತ್ತ, ರಾಯಲ್ ವೃತ್ತದ ಗದ್ದಲಕ್ಕೆ ಗಾಡಿ ನುಗ್ಗಿಸಿ. ಇಲ್ಲಿ ನೋಡಬೇಕಾದ್ದು ಕಡಿಮೆ ಆರ್‌ಪಿಎಂನ ನಡತೆ. ಸಣ್ಣ ಟರ್ಬೊ ಎಂಜಿನ್‌ಗಳು 1,500–1,800ರ ಕೆಳಗೆ ಬರೀ ಸಣ್ಣ ಎಂಜಿನ್ ಅಷ್ಟೇ. ಟರ್ಬೊ ಇನ್ನೂ ಎದ್ದಿರುವುದಿಲ್ಲ. ಐ20 ಎನ್ ಲೈನ್ ತನ್ನ ಪೂರ್ತಿ ಟಾರ್ಕ್ ಕೊಡಲು ಶುರುಮಾಡುವುದು 1,500 ಆರ್‌ಪಿಎಂನಿಂದ, ಆಲ್ಟ್ರೋಜ್ ರೇಸರ್ 1,750ರಿಂದ. ಹಂಪ್ಸ್ ಮುಂದೆ ಬ್ರೇಕ್ ಹಾಕಿ ಎರಡನೇ ಗೇರಲ್ಲೇ 15 ಕಿ.ಮೀ. ವೇಗಕ್ಕೆ ಇಳಿಸಿ, ದಾಟಿದ ಮೇಲೆ ಅರ್ಧ ಆಕ್ಸಿಲರೇಟರ್ ಕೊಡಿ. ಗಾಡಿ ಒಂದು ಕ್ಷಣ ಉಸಿರು ಹಿಡಿದು, ಆಮೇಲೆ ಒಮ್ಮೆಲೇ ಜಿಗಿದರೆ ಅದೇ ಟರ್ಬೊ ಲ್ಯಾಗ್. ಎಸಿ ಆರಿಸಿ ಇದನ್ನೇ ಇನ್ನೊಮ್ಮೆ ಮಾಡಿ. ಎರಡರ ನಡುವಿನ ವ್ಯತ್ಯಾಸ ದೊಡ್ಡದಿದ್ದರೆ, ದಿನಕ್ಕೆ ಐವತ್ತು ಹಂಪ್ಸ್ ದಾಟುವವರು ಪ್ರತಿ ಸಲ ಒಂದನೇ ಗೇರಿಗೆ ಇಳಿಯಬೇಕಾಗುತ್ತದೆ.

ದುರ್ಗಮ್ಮ ಗುಡಿ ಕೆಳಸೇತುವೆಯಂಥ ಏರಿನಲ್ಲಿ, ಹಿಂದೆ ಯಾರೂ ಒತ್ತಿಕೊಂಡಿಲ್ಲದಾಗ, ನಿಲ್ಲಿಸಿ ಮತ್ತೆ ಎಬ್ಬಿಸಿ. ಮ್ಯಾನ್ಯುಯಲ್‌ನಲ್ಲಿ ಕ್ಲಚ್ ಹಿಡಿಯುವ ಜಾಗ ಪೆಡಲ್ಲಿನ ತೀರಾ ಮೇಲಿದೆಯೇ, ನಡುಗು ಇದೆಯೇ, ಹಿಲ್ ಹೋಲ್ಡ್ (ಏರಿನಲ್ಲಿ ಗಾಡಿ ಹಿಂದೆ ಜಾರದಂತೆ ತಡೆಯುವ ವ್ಯವಸ್ಥೆ) ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕಾಲಿಗೇ ತಿಳಿಯುತ್ತದೆ.

ಡಿಸಿಟಿ ಕೊಳ್ಳುವವರು ಈ ಭಾಗವನ್ನು ಎರಡು ಪಟ್ಟು ಮಾಡಬೇಕು. ಇದರಲ್ಲಿ ಎರಡು ಕ್ಲಚ್ ಇರುತ್ತವೆ, ಐ20ಯ ಏಳು ಗೇರಿನ ಪೆಟ್ಟಿಗೆಯಲ್ಲಿ ಅವು ಒಣ ಮಾದರಿ, ತಣ್ಣಗೆ ಮಾಡಲು ಎಣ್ಣೆಯ ಸ್ನಾನ ಇಲ್ಲ. ಆಮೆ ನಡಿಗೆಯ ಟ್ರಾಫಿಕ್‌ನಲ್ಲಿ ಕ್ಲಚ್ ಅರ್ಧ ಹಿಡಿದು ಅರ್ಧ ಜಾರುತ್ತಾ ಬಿಸಿಯಾಗುತ್ತದೆ. ಜನದಟ್ಟಣೆಯ ರಸ್ತೆಯಲ್ಲಿ ಐದು ನಿಮಿಷ ನಿಲ್ಲುತ್ತಾ, ಹೊರಡುತ್ತಾ ಹೋಗಿ. ಒಂದರಿಂದ ಎರಡಕ್ಕೆ ಹೋಗುವಾಗ ಗಾಡಿ ನಡುಗಿದರೆ, ರಿವರ್ಸ್‌ನಲ್ಲಿ ಏರು ಹತ್ತುವಾಗ ಸುಟ್ಟ ವಾಸನೆ ಬಂದರೆ ಬರೆದಿಟ್ಟುಕೊಳ್ಳಿ. ಓಡಿಸುವವರ ಅಭ್ಯಾಸವೂ ಮುಖ್ಯ: ಮುಂದಿನ ಗಾಡಿ ಒಂದಡಿ ಸರಿದಾಗಲೆಲ್ಲ ಬ್ರೇಕ್ ಅರ್ಧ ಬಿಟ್ಟು ತೆವಳಿಸಬಾರದು. ಹತ್ತಡಿ ಜಾಗ ಆಗಲಿ, ಒಮ್ಮೆಗೇ ಹೋಗಿ.

ಹೆದ್ದಾರಿ: ಎರಡು ಸಲ ಅಳೆಯಬೇಕಾದ ಒಂದು ಅಂಕಿ

ಬಳ್ಳಾರಿಯವರಿಗೆ ಹೊಸಪೇಟೆ ರಸ್ತೆ, ಅಂದರೆ ರಾಷ್ಟ್ರೀಯ ಹೆದ್ದಾರಿ 67, ಕುಡತಿನಿ ದಿಕ್ಕಿಗೆ. ಕೊಪ್ಪಳದವರಿಗೆ ಅದೇ ಹೆದ್ದಾರಿ, ಗಿಣಿಗೇರಾ ಕಡೆ. ರಾಯಚೂರಿನವರು ಶಕ್ತಿನಗರದ ಕಡೆ ಹೋಗಬಹುದು. ತಿರುವು ಬೇಕೆಂದು ಡೆಮೊ ಗಾಡಿಯನ್ನು ಸಂಡೂರಿನ ಘಾಟಿಗೆ ಒಯ್ಯಬೇಡಿ. ಅದಿರು ಲಾರಿಗಳು ಉದುರಿಸಿದ ಕೆಂಪು ಪುಡಿ ಡಾಂಬರಿನ ಮೇಲೆ ಹಿಟ್ಟಿನಂತೆ ಕೂತಿರುತ್ತದೆ. ಒಣಗಿದ್ದಾಗ ಜಾರಿಕೆ, ಮೊದಲ ಮಳೆಗೆ ಸಾಬೂನು.

ಖಾಲಿ, ನೇರ ರಸ್ತೆ ಸಿಕ್ಕಾಗ ಮೂರನೇ ಗೇರಲ್ಲಿ 40ಕ್ಕೆ ಸ್ಥಿರವಾಗಿ ಬನ್ನಿ. ಪಕ್ಕದವರು ಸ್ಟಾಪ್‌ವಾಚ್ ಒತ್ತಲಿ, ನೀವು ಪೂರ್ತಿ ತುಳಿಯಿರಿ, 80 ಆದ ಕ್ಷಣ ನಿಲ್ಲಿಸಲಿ. ಆಟೊಮ್ಯಾಟಿಕ್ ಆದರೆ ಡಿ ಯಲ್ಲೇ ಇಟ್ಟು ಮಾಡಿ. ಬೋರ್ಡಿನಲ್ಲಿ ಅದಕ್ಕಿಂತ ಕಡಿಮೆ ಮಿತಿ ಇದ್ದರೆ 30ರಿಂದ 60 ಅಳೆಯಿರಿ, ಹೋಲಿಕೆಗೆ ಅದೂ ಆಗುತ್ತದೆ. ನಾಲ್ಕು ಜನ, ಎಸಿ ಚಾಲೂ. ಈ ಅಂಕಿ ಬರೆದುಕೊಳ್ಳಿ. ಸೊನ್ನೆಯಿಂದ ನೂರರ ಲೆಕ್ಕ ಜಾಹೀರಾತಿಗೆ. ನಿಮ್ಮ ಜೀವಕ್ಕೆ ಬೇಕಾದ್ದು ಇದು.

ಏಕೆಂದರೆ ಲೆಕ್ಕ ಹೀಗಿದೆ. 50ರಲ್ಲಿ ಹೋಗುವ 16 ಮೀಟರ್ ಉದ್ದದ ಲಾರಿಯನ್ನು ನೀವು ಸರಾಸರಿ 75ರಲ್ಲಿ ಹಿಂದಿಕ್ಕುತ್ತೀರಿ ಎಂದುಕೊಳ್ಳಿ. ಲಾರಿಯ ಉದ್ದ, ನಿಮ್ಮ ಗಾಡಿಯ 4 ಮೀಟರ್, ಮುಂದೆ-ಹಿಂದೆ ತಲಾ 15 ಮೀಟರ್ ಬಿಡುವು ಸೇರಿ 50 ಮೀಟರ್ ಹೆಚ್ಚುವರಿ ಓಡಬೇಕು. ವೇಗದ ವ್ಯತ್ಯಾಸ ಸೆಕೆಂಡಿಗೆ 7 ಮೀಟರ್, ಅಂದರೆ 7 ಸೆಕೆಂಡಿಗೂ ಸ್ವಲ್ಪ ಹೆಚ್ಚು. ಅಷ್ಟರಲ್ಲಿ ನೀವು 150 ಮೀಟರ್ ಸಾಗಿರುತ್ತೀರಿ, ಎದುರಿನಿಂದ 80ರಲ್ಲಿ ಬರುವ ಬಸ್ಸು 160 ಮೀಟರ್. ಉಸಿರಾಡಲು ಜಾಗ ಸೇರಿ 400 ಮೀಟರ್ ಖಾಲಿ ಕಾಣದಿದ್ದರೆ ಹೋಗಬಾರದು. ಗಾಡಿಯ ಎಳೆತ ಎರಡು ಸೆಕೆಂಡ್ ತಡವಾದರೆ ಇದಕ್ಕೆ ಇನ್ನೂ 85 ಮೀಟರ್ ಸೇರಿಸಿ.

ಅಳತೆ ಆದ ಮೇಲೆ ಬ್ರೇಕು. ಹಿಂದೆ ಯಾರೂ ಇಲ್ಲದ್ದನ್ನು ನೋಡಿ, ಶೋರೂಂನವರಿಗೆ ಹೇಳಿ, 60ರಿಂದ ಗಟ್ಟಿಯಾಗಿ ತುಳಿದು ನಿಲ್ಲಿಸಿ. ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕೆಲಸ ಮಾಡುವಾಗ ಪಾದದ ಕೆಳಗೆ ಟಕಟಕ ಅನ್ನುವುದು ಸರಿ. ಸ್ಟೇರಿಂಗ್ ಒಂದು ಕಡೆ ಎಳೆಯುವುದು ಸರಿಯಲ್ಲ. ಐದು ನಿಮಿಷ ಬಿಟ್ಟು ಮತ್ತೊಮ್ಮೆ ಮಾಡಿ, ಪೆಡಲ್ ಮೊದಲಿಗಿಂತ ಆಳಕ್ಕೆ ಹೋಗುತ್ತದೆಯೇ ಗಮನಿಸಿ.

ಸುಗ್ಗಿಯ ದಿನಗಳಲ್ಲಿ ಗಂಗಾವತಿ, ಸಿಂಧನೂರು, ಸಿರುಗುಪ್ಪ ಸುತ್ತಿನ ರಸ್ತೆಗಳ ಮೇಲೆ ರಾಶಿ, ಹುಲ್ಲು ಹರಡಿರುತ್ತಾರೆ. ಅದರ ಮೇಲೆ ಗಾಡಿ ಹಾಯಿಸಬೇಡಿ, ಸುತ್ತಿಕೊಂಡು ಹೋಗಿ. ಒಣಹುಲ್ಲು ತಳದಲ್ಲಿ ಸುತ್ತಿಕೊಂಡು, ಕೆಂಡದಂತೆ ಕಾದ ಸೈಲೆನ್ಸರ್ ಕೊಳವೆಗೆ ತಾಗಿ ಬೆಂಕಿ ಹೊತ್ತಿಕೊಳ್ಳುತ್ತದೆ. ಗಾಡಿ ತಗ್ಗಾದಷ್ಟೂ ಅಪಾಯ ಹೆಚ್ಚು.

ಕೆಟ್ಟ ರಸ್ತೆ

ನಮ್ಮ ಎರೆ ನೆಲ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಹಾಗಾಗಿ ಡಾಂಬರು ಎಷ್ಟು ಹೊಸದಾದರೂ ಒಂದೆರಡು ವರ್ಷಕ್ಕೆ ಅಲೆಯಲೆಯಾಗುತ್ತದೆ. ಗಟ್ಟಿ ಸಸ್ಪೆನ್ಷನ್ನಿನ ಅಸಲಿ ಪರೀಕ್ಷೆ ಈ ಅಲೆ. ಹಳ್ಳಿ ರಸ್ತೆಗೆ ಇಳಿದು 50ರಲ್ಲಿ ಹೋಗಿ. ಒಳ್ಳೆಯ ಸಸ್ಪೆನ್ಷನ್ ಪ್ರತಿ ಅಲೆಗೂ ಒಮ್ಮೆ ಎದ್ದು ಒಮ್ಮೆಗೇ ಕೂರುತ್ತದೆ. ಎರಡು ಮೂರು ಸಲ ಕುಣಿದರೆ, ಅಥವಾ ಹಿಂದಿನ ಚಕ್ರ ಪಕ್ಕಕ್ಕೆ ಹಾರಿದಂತಾದರೆ, ಹಿಂದೆ ಕೂತವರ ಸೊಂಟ ಅದನ್ನು ಹೇಳುತ್ತದೆ. ಗುಂಡಿಗೆ 'ದಪ್' ಎಂದು ಮೆತ್ತಗೆ ಬಂದರೆ ಸರಿ. 'ಟಕ್' ಎಂದು ಕಬ್ಬಿಣದ ಸದ್ದು ಬಂದರೆ ಸಸ್ಪೆನ್ಷನ್ನಿನ ಬುಷ್ (ರಬ್ಬರ್ ತುಂಡು) ಅಥವಾ ಲಿಂಕ್ (ಜೋಡಿಸುವ ಸರಳು) ಸವೆದಿದೆ. ಈಗ ನೀವೇ ಹಿಂದೆ ಕೂತು ಐದು ನಿಮಿಷ ಬನ್ನಿ. ಹಬ್ಬಕ್ಕೆ ಊರಿಗೆ ಕರೆದೊಯ್ಯುವ ಅಪ್ಪ-ಅಮ್ಮ ಕೂರುವ ಜಾಗ ಅದು.

ನೆಲದ ಎತ್ತರ ಐ20ಗೆ 170, ಆಲ್ಟ್ರೋಜ್‌ಗೆ 165 ಮಿಲಿಮೀಟರ್ ಎನ್ನುತ್ತದೆ ಕಾಗದ. ನಾಲ್ಕು ಜನ ಕೂತರೆ ಇಳಿಯುತ್ತದೆ. ಸಾಧ್ಯವಿದ್ದರೆ ನಿಮ್ಮ ಓಣಿಯ ಹಂಪ್ಸ್ ಮೇಲೇ ಪೂರ್ತಿ ತೂಕದಲ್ಲಿ ಹಾಯಿಸಿ, ಮನೆಯ ಗೇಟಿನ ಇಳಿಜಾರಿಗೂ ಒಮ್ಮೆ ಹತ್ತಿಸಿ.

ವಾಪಸ್ ಬರುತ್ತಾ

ಈಗ ಎಂಜಿನ್ ಪೂರ್ತಿ ಬಿಸಿ, ಡಾಂಬರೂ ಬಿಸಿ. ಬಿಸಿಲಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಮತ್ತು ಎಸಿ ಚಾಲೂ ಇಟ್ಟು ಐದು ನಿಮಿಷ ಕಾಯಿರಿ. ಫ್ಯಾನು ಜೋರಾಗಿ ತಿರುಗುವುದು ಸಹಜ. ಎಸಿ ಗಾಳಿ ಬೆಚ್ಚಗಾಗಬಾರದು, ಟೆಂಪರೇಚರ್ ಮುಳ್ಳು ನಡುವಿಂದ ಏಳಬಾರದು. ಕೂಡಲೇ ಹೊರಟು 40ರಿಂದ 80 ಅನ್ನು ಮತ್ತೆ ಅಳೆಯಿರಿ. ಟರ್ಬೊ ಒತ್ತಿದ ಗಾಳಿ ಮೊದಲೇ ಬಿಸಿ, ಅದನ್ನು ತಣಿಸುವ ಇಂಟರ್‌ಕೂಲರ್ ಕೂಡ ಕಾದಿದ್ದರೆ ಎಂಜಿನ್ ಒಳಗೆ ನಾಕಿಂಗ್ (ಇಂಧನ ಹೊತ್ತಲ್ಲದ ಹೊತ್ತಲ್ಲಿ ಸಿಡಿಯುವುದು) ಆಗದಂತೆ ಕಂಪ್ಯೂಟರ್ ತಾನೇ ಕಿಡಿಯ ಸಮಯ ಹಿಂದಕ್ಕೆ ಸರಿಸಿ ಶಕ್ತಿ ಕಡಿತ ಮಾಡುತ್ತದೆ. ಮೊದಲ ಅಂಕಿಗೂ ಇದಕ್ಕೂ ಅರ್ಧ ಸೆಕೆಂಡ್ ವ್ಯತ್ಯಾಸ ಪರವಾಗಿಲ್ಲ. ಒಂದೂವರೆ ಸೆಕೆಂಡ್ ಬಂದರೆ, ವರ್ಷದ ನಾಲ್ಕು ತಿಂಗಳು ನಿಮಗೆ ಸಿಗುವುದು ಈ ಎರಡನೇ ಅಂಕಿಯ ಗಾಡಿ. ಎರಡು ಕಂಪನಿಯ ಗಾಡಿ ಹೋಲಿಸುವಾಗ ಈ ಎರಡನೇ ಅಂಕಿಯನ್ನೇ ಹೋಲಿಸಿ.

ಶೋರೂಂ ತಲುಪಿದ ಮೇಲೆ ಒಂದು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಮೇಲೆ ಆರಿಸಿ, ಟರ್ಬೊ ತಣಿಯಲಿ. ಐದು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ. ಬಿಸಿ ಎಂಜಿನ್ ತಡವರಿಸದೆ ಹತ್ತಬೇಕು.

ಸೆಕೆಂಡ್ ಹ್ಯಾಂಡ್ ಆದರೆ

ಒಳ್ಳೆಯ ಹಳೆಯ ಗಾಡಿಗಳು ಇಲ್ಲೇ ಇವೆ: 2022ರಲ್ಲಿ ನಿಂತ ಪೋಲೊ ಜಿಟಿ ಟಿಎಸ್‌ಐ, 1.0 ಬೂಸ್ಟರ್‌ಜೆಟ್ ಎಂಜಿನ್ನಿನ ಬಲೆನೊ ಆರ್‌ಎಸ್, 145 ಪಿಎಸ್‌ನ ಫಿಯೆಟ್ ಪುಂಟೊ ಅಬಾರ್ತ್. ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿ. ಬೆಚ್ಚಗಿದ್ದರೆ ನೀವು ಬರುವ ಮುಂಚೆಯೇ ಸ್ಟಾರ್ಟ್ ಮಾಡಿದ್ದಾರೆ, ಇನ್ನೊಂದು ದಿನ ಬನ್ನಿ. ತಣ್ಣನೆ ಎಂಜಿನ್ ಹತ್ತುವಾಗ ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಬಂದರೆ ಎಣ್ಣೆ ಸುಡುತ್ತಿದೆ, ಟರ್ಬೊ ಸೀಲ್ ಸಂದೇಹ. 1.2 ಟಿಎಸ್‌ಐ ಪೋಲೊದ ಡಿಎಸ್‌ಜಿಯಲ್ಲಿ (ಅದೂ ಎರಡು ಕ್ಲಚ್ಚಿನ ಗೇರ್‌ಬಾಕ್ಸ್) ಮೆಕಟ್ರಾನಿಕ್ ಘಟಕ (ಗೇರ್ ಬದಲಾವಣೆ ನಿಯಂತ್ರಿಸುವ ಭಾಗ) ಕೈಕೊಡುವುದು ಗೊತ್ತಿರುವ ಕಾಯಿಲೆ, ದುಬಾರಿ ರಿಪೇರಿ. ಎಂಜಿನ್ ಕಂಪ್ಯೂಟರಿನ ದೋಷ ಓದುವ ಓಬಿಡಿ ಸ್ಕ್ಯಾನರ್ ಹಾಕಿಸಿ. ರೀಮ್ಯಾಪ್ (ಶಕ್ತಿ ಹೆಚ್ಚಿಸಲು ಕಂಪ್ಯೂಟರ್ ಸೆಟ್ಟಿಂಗ್ ಬದಲಾವಣೆ) ಮಾಡಿಸಿದ್ದರೆ ಕೇಳಿ ತಿಳಿಯಿರಿ. ಈಗ ಬಂಕ್‌ಗಳಲ್ಲಿ ಸಿಗುವುದು ಇ20 (ಶೇಕಡಾ 20 ಎಥನಾಲ್ ಬೆರೆತ) ಪೆಟ್ರೋಲ್, ಹಳೆಯ ಗಾಡಿಯ ರಬ್ಬರ್ ಪೈಪು, ಸೀಲುಗಳನ್ನು ಮೆಕ್ಯಾನಿಕ್ ಕೈಯಲ್ಲಿ ನೋಡಿಸಿ.

ನಮ್ಮ ಕಡೆಯ ಗಾಡಿಗೆ ಇನ್ನೊಂದು ವಿಶೇಷ ತಪಾಸಣೆ ಇದೆ. ಟಾರ್ಚ್ ಹಿಡಿದು ಮುಂದಿನ ಗ್ರಿಲ್ ಒಳಗೆ, ಎಸಿ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಸಂದಿಗೆ ಬೆಳಕು ಬಿಡಿ. ತೋರಂಗಲ್ಲು, ಸಂಡೂರು ಕಡೆ ದಿನವೂ ಓಡಿದ ಗಾಡಿಯಲ್ಲಿ ಆ ಅಲ್ಯೂಮಿನಿಯಂ ಹಲ್ಲುಗಳ ನಡುವೆ ಕೆಂಪು ಧೂಳು ಇಟ್ಟಿಗೆಯಂತೆ ಕಟ್ಟಿಕೊಂಡಿರುತ್ತದೆ, ಬಾಗಿಲ ರಬ್ಬರಿನ ಮಡಿಕೆಯಲ್ಲಿ, ಸ್ಟೆಪ್ನಿ ಗುಳಿಯಲ್ಲಿ ಕೂಡ. ಹೊರಗೆ ಪಾಲಿಶ್ ಹೊಡೆದವರು ಅಲ್ಲಿಗೆ ಕೈಹಾಕಿರುವುದಿಲ್ಲ. ಬೇಸಿಗೆಯಲ್ಲಿ ಎಸಿ ಸೋಲಲು, ಎಂಜಿನ್ ಕಾಯಲು ಅದೊಂದೇ ಸಾಕು. ಕಡಿಮೆ ಒತ್ತಡದ ನೀರಲ್ಲಿ ತೊಳೆದರೆ ಬಹುಪಾಲು ಸರಿಹೋಗುತ್ತದೆ, ಆದರೆ ಬೆಲೆ ಮಾತಾಡುವಾಗ ಅದು ನಿಮ್ಮ ಕೈಯಲ್ಲಿರುವ ಮಾತು.

ಗಡಿ ಹತ್ತಿರವಾದ್ದರಿಂದ ಆಂಧ್ರ, ತೆಲಂಗಾಣ ನೋಂದಣಿಯ ಗಾಡಿ ಅಗ್ಗಕ್ಕೆ ಸಿಗುತ್ತವೆ. ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಿಸಿ, ಇಲ್ಲಿ ಆಜೀವ ತೆರಿಗೆ ಕಟ್ಟಿ, ಕೆಎ-34, 36 ಅಥವಾ 37 ನಂಬರು ಹಾಕಿಸುವ ಖರ್ಚು ಕೂಡಿಸಿದ ಮೇಲೂ ಅಗ್ಗವೇ ಎಂದು ಲೆಕ್ಕ ಹಾಕಿ.

ಬುಕಿಂಗ್ ಹಣ ಕೊಡುವ ಮುಂಚೆ

ಗಾಡಿ ಇಳಿದ ಕೂಡಲೇ, ಕೊಟ್ಟ ಚಹಾ ಕುಡಿಯುವಾಗಲೇ, ಎರಡೂ ಅಂಕಿ, ಎಸಿ ನಿಮಿಷ, ಹಿಂದೆ ಕೂತವರ ದೂರು ಎಲ್ಲ ಬರೆದುಬಿಡಿ. ಅಂದೇ ಮುಂಗಡ ಕೊಡಬೇಡಿ. "ಇವತ್ತೇ ಕೊನೆ ಆಫರ್" ಎನ್ನುವುದು ಮುಂದಿನ ವಾರವೂ ಇರುತ್ತದೆ. ಎರಡು ದಿನ ಬಿಟ್ಟು ಇನ್ನೊಂದು ಗಾಡಿಯನ್ನು ಅದೇ ಹೊತ್ತಿಗೆ, ಅದೇ ರಸ್ತೆಯಲ್ಲಿ, ಅದೇ ಜನರನ್ನು ಕೂರಿಸಿಕೊಂಡು ಓಡಿಸಿ.

ನಡುವೆ ಒಂದು ಫೋನು ಮಾಡಿ, ನಿಮ್ಮೂರಿನ ಟಯರ್ ಅಂಗಡಿಗೆ. ಗಾಡಿಯ ಟಯರ್ ಅಳತೆ ಹೇಳಿ, ಸ್ಟಾಕ್ ಇದೆಯಾ, ಒಂದಕ್ಕೆ ಎಷ್ಟು ಎಂದು ಕೇಳಿ. "ತರಿಸಬೇಕು, ನಾಲ್ಕು ದಿನ" ಎಂಬ ಉತ್ತರ ಬಂದರೆ ಡಿಕ್ಕಿ ತೆರೆದು ಸ್ಟೆಪ್ನಿ ಚಕ್ರದ ಅಳತೆಯನ್ನೂ ಓದಿಕೊಂಡು ಬನ್ನಿ. ಅದು ಉಳಿದ ನಾಲ್ಕಕ್ಕಿಂತ ಚಿಕ್ಕದಾಗಿದ್ದು, ಮೇಲೆ ವೇಗದ ಮಿತಿ ಬರೆದಿದ್ದರೆ, ಆ ನಾಲ್ಕು ದಿನ ನೀವು ಓಡಬೇಕಾದ ವೇಗ ಅದೇ.